ಮುಳುಗಡೆ ಊರುಗಳ ಕಡತ ತೆರೆಯಿರಿ: ಕೃಷ್ಣಾ ಮೇಲ್ದಂಡೆ ಯೋಜನೆಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಲಸಂಪನ್ಮೂಲ ಸಚಿವರು,
ಮಾನ್ಯ ಕಂದಾಯ ಸಚಿವರು,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಮನೆ ಪಂಚನಾಮೆಗಳನ್ನು ಕಾಪಾಡುವ ಮತ್ತು ಇನ್ನು ಮುಳುಗಲಿರುವ ಊರುಗಳ ಪೂರ್ತಿ ದಾಖಲೆ ಮಾಡುವ ಬಗ್ಗೆ

ಮಾನ್ಯರೇ,

ಸವಿನಯ ನಮಸ್ಕಾರಗಳು.

ನಾನು ಬಾಗಲಕೋಟೆ ಜಿಲ್ಲೆಯವಳು. ಕಾದಂಬರಿ ಬರೆಯುತ್ತೇನೆ. ನಾನು ಹುಟ್ಟಿದ ಊರು ಘಟಪ್ರಭೆಯ ದಂಡೆಯಲ್ಲಿತ್ತು. ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾಕಂದರೆ ನಾನು ಒಂದು ಊರಿನ ಪರವಾಗಿ ಕೇಳುತ್ತಿಲ್ಲ. ಆಗಲೇ ಮುಳುಗಿದ ಎಲ್ಲ ಊರುಗಳ ಪರವಾಗಿ, ಇನ್ನು ಮುಳುಗಲಿರುವ ಊರುಗಳ ಪರವಾಗಿ ಕೇಳುತ್ತಿದ್ದೇನೆ.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಭೂಸ್ವಾಧೀನದ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ದರ ನಿಗದಿ ಮಾಡಿತು. ಮುಳುಗಡೆಯಾಗುವ ಜಮೀನೇ 75 ಸಾವಿರ ಎಕರೆ ದಾಟುತ್ತದೆ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ ಈಗಿರುವ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಬೇಕು. ಕೃಷ್ಣಾ ಜಲ ವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲೇ ಇದಕ್ಕೆ ಒಪ್ಪಿತ್ತು. ಲೆಕ್ಕದಲ್ಲಿ ನೋಡಿದರೆ ಐದು ಮೀಟರ್ ಕೂಡ ಆಗುವುದಿಲ್ಲ. ಆದರೆ ನಮ್ಮ ಕಡೆ ನೆಲ ಚಪ್ಪಟೆ. ನೀರು ಒಂದಾಳು ಏರಿದರೆ ದಂಡೆ ಎಲ್ಲೆಲ್ಲಿಗೋ ಹೋಗುತ್ತದೆ. ಹಳೆ ಬಾಗಲಕೋಟೆಯಲ್ಲಿ ಉಳಿದುಕೊಂಡ ಓಣಿಗಳವರಿಗೆ, ನದಿ ದಂಡೆಯ ಹಳ್ಳಿಗಳವರಿಗೆ ಇದು ಚೆನ್ನಾಗಿ ಗೊತ್ತು.

ನಾನು ಅಣೆಕಟ್ಟೆಯನ್ನು ವಿರೋಧಿಸಿ ಬರೆಯುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೇ ಹಂತದಿಂದ 5.94 ಲಕ್ಷ ಹೆಕ್ಟೇರ್ ಜಮೀನಿಗೆ ನೀರು ಸಿಗಬೇಕಿದೆ. ಅದರಲ್ಲಿ ನನ್ನ ಚಿಗವ್ವನ ಮನೆಯವರ ಹೊಲವೂ ಬರುತ್ತದೆ. ಬಿಜಾಪುರದ ಬರ ನೋಡಿದವರಿಗೆ ಕಾಲುವೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಪರಿಹಾರದ ದರ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಗೂ ಇಳಿಯುವುದಿಲ್ಲ. ಅದನ್ನು ರೈತ ಮುಖಂಡರು ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ನಾನು ಕೇಳುವುದು ಬೇರೆ. ಸರ್ಕಾರದ ಕೈಯಲ್ಲೇ ಇರುವ, ಆದರೆ ಸರ್ಕಾರ ಈವರೆಗೆ ಬೆಲೆ ಕೊಡದ ಒಂದು ಆಸ್ತಿಯ ಬಗ್ಗೆ ಈ ಪತ್ರ.

1990ರ ದಶಕದಲ್ಲಿ ನಮ್ಮ ಮನೆಯ ಅಳತೆಗೆ ಬಂದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಟೇಪು ಹಿಡಿಯಲು ಒಬ್ಬರು, ಬರೆದುಕೊಳ್ಳಲು ಒಬ್ಬರು, ಜೊತೆಗೆ ಊರಿನ ಪಂಚರು. ಗೋಡೆ ಎಷ್ಟು ಉದ್ದ, ಎಷ್ಟು ದಪ್ಪ. ಕಲ್ಲು ಎಲ್ಲಿಯವರೆಗೆ, ಮಣ್ಣು ಎಲ್ಲಿಂದ. ಸಾಗವಾನಿ ಕಂಬ ಎಷ್ಟು, ಬೇವಿನ ತೊಲೆ ಎಷ್ಟು, ಜಂತಿ ಎಷ್ಟು. ಮೇಲ್ಮುದ್ದೆಯ ಮಾಳಿಗೆ, ಅದರ ಬೆಳಕಿಂಡಿ. ಪಡಸಾಲೆ, ದನ ಕಟ್ಟುವ ದಂದಕ್ಕಿ, ಜೋಳ ತುಂಬುವ ಹಗೇವು. ಹಿತ್ತಲ ಬಾವಿ, ನಿಂಬೆ ಗಿಡ, ನುಗ್ಗೆ ಗಿಡ. ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಮನೆಯ ನಕ್ಷೆ ತೆಗೆದರು. ಅಪ್ಪ ಸಹಿ ಮಾಡಿದ.

ಬಂದವರು ಒಳ್ಳೆಯ ಜನ. ಅವ್ವ ಕೊಟ್ಟ ಚಹಾ ಕುಡಿದು, ನಮ್ಮ ಹತ್ತಿರ ಮರ್ಯಾದೆಯಿಂದ ಮಾತಾಡಿದರು. ಆಯಿ, ಅಂದರೆ ನಮ್ಮ ಅಜ್ಜಿ, ಅವರನ್ನು ಒಳಕೋಣೆಗೆ ಕರೆದು ಗೋಡೆಯಲ್ಲಿದ್ದ ಮಾಡ ತೋರಿಸಿದಳು. "ಈ ಮನ್ಯಾಗ ಎಷ್ಟು ಕೂಸು ಹುಟ್ಯಾವೋ ಅಷ್ಟೂ ಕೂಸಿನ ದೀಪ ಇಲ್ಲೇ ಇಟ್ಟೀವಿ, ಬರಕೊಳ್ರಿ" ಅಂದಳು. ಅವರು ಬರೆದುಕೊಳ್ಳಲಿಲ್ಲ. ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಅವರನ್ನು ಕಳಿಸಿದವರು ಕೇಳಿದ್ದನ್ನು ಅವರು ಬರೆದುಕೊಂಡರು, ಅಷ್ಟೇ.

ಆ ಅಳತೆಯ ಕಾಗದಕ್ಕೆ ಪಂಚನಾಮೆ ಅನ್ನುತ್ತಾರೆ. ಅದರ ಒಂದು ಪ್ರತಿಯನ್ನು ಅಪ್ಪ ಟ್ರಂಕಿನಲ್ಲಿ ಇಟ್ಟಿದ್ದ. ಅದು ಈಗಲೂ ನನ್ನ ಹತ್ತಿರ ಇದೆ. ನನ್ನ ಮೊದಲ ಕಾದಂಬರಿ ಶುರುವಾದದ್ದು ಅದರಿಂದಲೇ.

ಬರೆಯಲು ಕೂತಾಗ ನಮ್ಮ ಮನೆ ನನಗೆ ಪೂರ್ತಿ ನೆನಪಿದೆ ಅಂದುಕೊಂಡಿದ್ದೆ. ಹೊಸ್ತಿಲು, ಬಂಕ, ದನಗಳ ಉಸಿರು, ಮಳೆ ಬಂದಾಗ ಮಾಳಿಗೆ ಸೋರುವ ಜಾಗ, ಎಲ್ಲ ಕಣ್ಣಿಗೆ ಕಟ್ಟಿತ್ತು. ಆದರೆ ಒಬ್ಬ ಹೆಣ್ಣುಮಗಳನ್ನು ಆ ಮನೆಯೊಳಗೆ ಓಡಾಡಿಸಬೇಕಾದಾಗ ನೆನಪು ಕೈಕೊಟ್ಟಿತು. ಅಡುಗೆಮನೆಯಿಂದ ಹಿತ್ತಲ ಬಾಗಿಲು ಕಾಣುತ್ತಿತ್ತೋ ಇಲ್ಲವೋ? ದಂದಕ್ಕಿ ದಾಟದೆ ಒಳಕೋಣೆಗೆ ಹೋಗಬಹುದಿತ್ತೋ? ಟ್ರಂಕಿನಿಂದ ಪಂಚನಾಮೆ ತೆಗೆದು ಓದಿದೆ. ಒಳಕೋಣೆಯ ಗೋಡೆ ಎರಡೂವರೆ ಅಡಿ ದಪ್ಪ ಎಂದು ಅದರಲ್ಲಿತ್ತು. ಪಡಸಾಲೆ ಕಡೆಗೆ ಕಿಂಡಿ ಇಲ್ಲ ಎಂದೂ ಇತ್ತು. ಆಗ ಹೊಳೆಯಿತು: ಆ ಕೋಣೆಯಲ್ಲಿ ಒಬ್ಬಳು ಇಡೀ ರಾತ್ರಿ ಅತ್ತರೂ ಪಡಸಾಲೆಯಲ್ಲಿ ಮಲಗಿದ ಗಂಡಸರಿಗೆ ಕೇಳಿಸುವುದಿಲ್ಲ. ನಮ್ಮ ಮನೆಯಲ್ಲೇ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಒಬ್ಬಳು ಅತ್ತೆ ಇದ್ದಳು. "ಆಕಿ ಭಾಳ ಗಟ್ಟಿ, ಒಂದಿನಾನೂ ಅಳಲಿಲ್ಲ" ಎಂದು ಅಜ್ಜ ಹೇಳುತ್ತಿದ್ದ. ಅಜ್ಜ ಸುಳ್ಳು ಹೇಳಲಿಲ್ಲ. ಅವನಿಗೆ ಕೇಳಿಸಿರಲಿಲ್ಲ. ಕಾದಂಬರಿ ಅಲ್ಲಿಂದ ಹೊರಟಿತು.

ಮಾನ್ಯರೇ, ಇಂಥ ಕಾಗದ ಸಾವಿರಾರು ಮನೆಗಳಿಗೆ ಇದೆ. ಒಂದೊಂದು ಮುಳುಗಡೆ ಊರಿಗೂ ಮನೆ ಮನೆಯ ಅಳತೆ, ನಕ್ಷೆ, ಗಿಡಮರ, ಬಾವಿ, ಯಾರ ಮನೆ ಯಾರ ಮನೆಗೆ ಹತ್ತಿಕೊಂಡಿತ್ತು ಎಂಬ ವಿವರ ಇದೆ. ಈ ನಾಡಿನ ಹಳ್ಳಿಗಳನ್ನು ಇಷ್ಟು ಕೂಲಂಕಷವಾಗಿ ಬೇರೆ ಯಾರೂ ಬರೆದಿಟ್ಟಿಲ್ಲ. ಬ್ರಿಟಿಷರು 1884ರಲ್ಲಿ ಬಿಜಾಪುರ ಜಿಲ್ಲೆಯ ಗೆಜೆಟಿಯರ್ ಅಚ್ಚು ಹಾಕಿಸಿದರು. ಆಳುವುದಕ್ಕೆ ಅನುಕೂಲವಾಗಲಿ ಎಂದು ಮಾಡಿದ ಕೆಲಸ ಅದು. ಆದರೂ ನಮ್ಮ ಸೀಮೆಯ ಬೆಳೆ, ಬರ, ಸಂತೆ, ಜಾತ್ರೆ ಬಗ್ಗೆ ಏನೇ ಬರೆಯಬೇಕಾದರೂ ಇವತ್ತಿಗೂ ಅದನ್ನು ತೆರೆಯುತ್ತೇವೆ. ನಮ್ಮದೇ ಸರ್ಕಾರ, ನಮ್ಮದೇ ಭಾಷೆಯಲ್ಲಿ, ಮನೆಯೊಳಗೆ ಬಂದು ಮಾಡಿದ ದಾಖಲೆ ಅದಕ್ಕಿಂತ ದೊಡ್ಡದಲ್ವಾ?

ಈಗ ಆ ದಾಖಲೆ ಎಲ್ಲಿದೆ, ಹೇಗಿದೆ? ಎರಡನೇ ಕಾದಂಬರಿಗೆ ನಮ್ಮ ಓಣಿಯ ಬೇರೆ ಮನೆಗಳ ವಿವರ ಬೇಕಾಗಿತ್ತು. ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಯಾವ ಕಚೇರಿ, ಯಾರು ಇದ್ದರು ಎಂಬುದು ಬೇಡ. "ಆ ಊರಿಂದು ಪೇಮೆಂಟ್ ಆಗಿ ಮುಗಿದೈತ್ರಿ, ಈಗ ಅದ್ಯಾಕ್ ಬೇಕು" ಎಂದರು. ಇನ್ನೊಮ್ಮೆ ಹೋದಾಗ, ನೀವು ಆ ಮನೆಗಳ ಮಾಲೀಕರಲ್ಲ, ತೋರಿಸಲು ಬರುವುದಿಲ್ಲ ಎಂದರು. ಮತ್ತೊಮ್ಮೆ ಹೋದಾಗ ಕಡತ ಬೇರೆ ಕಡೆ ಹೋಗಿದೆ ಎಂದರು. ಕೊನೆಗೆ ಒಬ್ಬ ಹಿರಿಯ ಗುಮಾಸ್ತರು ಪಾಪ ಅನ್ನಿಸಿ ರೆಕಾರ್ಡ್ ರೂಮಿನ ಬಾಗಿಲು ತೆರೆದು ತೋರಿಸಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಗೋಡೆಗೆ ಒರಗಿದ್ದವು. ನೆಲದ ಮೇಲಿದ್ದ ಗಂಟುಗಳಿಗೆ ತೇವ ಹಿಡಿದು ಕಾಗದ ಒಂದಕ್ಕೊಂದು ಅಂಟಿಕೊಂಡಿತ್ತು. "ಇದರಾಗ ನಿಮ್ಮೂರೂ ಇರಬಹುದು ನೋಡ್ರಿ" ಎಂದರು. ಅವಧಿ ಮೀರಿದ ಕಡತಗಳನ್ನು ನಾಶ ಮಾಡುವ ಪದ್ಧತಿ ಸರ್ಕಾರದಲ್ಲಿ ಇದೆ. ಹಣ ಕೊಟ್ಟಾದ ಮೇಲೆ ಈ ಕಡತಗಳು ಆ ಸಾಲಿಗೆ ಸೇರಿದರೆ ನಮ್ಮ ಊರುಗಳು ಎರಡನೇ ಸಲ ಮುಳುಗುತ್ತವೆ. ಈ ಸಲ ಬೇಸಿಗೆಯಲ್ಲಿ ನೀರು ಇಳಿದರೂ ಮೇಲೆ ಬರುವುದಿಲ್ಲ.

ಯಾಕೆ ಇಷ್ಟು ಹಚ್ಚಿಕೊಂಡಿದ್ದಾಳೆ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ನನ್ನ ಮನೆಯ ಎರಡು ಪದ್ಧತಿಗಳ ಬಗ್ಗೆ ಹೇಳಬೇಕು. ನಾನು ಬರೆಯುವುದನ್ನು ಕಲಿತದ್ದು ಅವುಗಳಿಂದಲೇ.

ಅಜ್ಜನ ಹತ್ತಿರ ಒಂದು ವಹಿ, ಅಂದರೆ ಲೆಕ್ಕದ ಪುಸ್ತಕ, ಇತ್ತು. ಉದ್ದದ್ದು, ಕೆಂಪು ಬಟ್ಟೆಯ ರಟ್ಟು. ಅದು ಅವನ ಅಪ್ಪನ ಕಾಲದ್ದು. ಮೊದಲ ಹಾಳೆಗಳು ಮರಾಠಿ ಬರೆಯುವ ಮೋಡಿ ಲಿಪಿಯಲ್ಲಿದ್ದವು, ನಮ್ಮ ಕಡೆ ಮುಂಬೈ ಪ್ರಾಂತ್ಯದ ಕಾಲದಲ್ಲಿ ಎಷ್ಟೋ ಲೆಕ್ಕಪತ್ರ ಹಾಗೇ ಇರುತ್ತಿತ್ತು. ಅಜ್ಜನಿಂದ ಮುಂದೆ ಕನ್ನಡ. ದೀಪಾವಳಿ ಪಾಡ್ಯಕ್ಕೆ ಪೂಜೆ ಮಾಡಿ ಹೊಸ ವರ್ಷದ ಬರಹ ಶುರು. ಯಾರಿಗೆ ಎಷ್ಟು ಜೋಳ ಕಡ ಕೊಟ್ಟದ್ದು ಎಂಬುದರ ಜೊತೆಗೆ ಅಜ್ಜ ಮಳೆಯನ್ನೂ ಬರೆಯುತ್ತಿದ್ದ. ರೋಹಿಣಿ ಆಯಿತು, ಮೃಗಶಿರ ಹೋಯಿತು, ಉತ್ತರಿ ಹೊಳೆ ತಂದಿತು ಎಂದು. ಯಾವ ಸಂತೆಯಲ್ಲಿ ಯಾವ ಬಣ್ಣದ ಹೋರಿ ತಂದದ್ದು, ಯಾರ ಹೊಲದಲ್ಲಿ ಹಾವು ಕಡಿದದ್ದು, ಸೊಸೆ ಹೆರಿಗೆಗೆ ತವರಿಗೆ ಹೋದದ್ದು. ಒಂದೊಂದೂ ಒಂದೇ ಸಾಲು. ಅಳು ಇಲ್ಲ, ಹೊಗಳಿಕೆ ಇಲ್ಲ. ನನ್ನ ತಂಗಿ ಸತ್ತ ದಿನ ಅಜ್ಜ ಬರೆದದ್ದು ಇಷ್ಟು: "ಕೂಸು ಹೋಯಿತು. ಹೊಲಕ್ಕೆ ಯಾರೂ ಹೋಗಲಿಲ್ಲ." ಹೊಲಕ್ಕೆ ಯಾರೂ ಹೋಗದ ದಿನ ಅಂದರೆ ನಮ್ಮಂಥ ಮನೆಯಲ್ಲಿ ಎಂಥ ದಿನ ಎಂದು ಗೊತ್ತಿದ್ದವರಿಗೆ ಇದಕ್ಕಿಂತ ಜಾಸ್ತಿ ಬೇಡ. ಸಾಲು ಉದ್ದವಾದಾಗಲೆಲ್ಲ ನಾನು ಆ ವಹಿ ತೆರೆಯುತ್ತೇನೆ.

ಇನ್ನೊಂದು ಹೆಣ್ಣುಮಕ್ಕಳದು. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮವಾಸ್ಯೆ ಬಂದರೆ ಹೊಳೆಯ ಎರೆಮಣ್ಣಿನಿಂದ ಜೋಡೆತ್ತು ಮಾಡಬೇಕು. ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಹಸಿ ಮಣ್ಣಿನಲ್ಲಿ ಗುಳ್ಳವ್ವನನ್ನು ಕೂಡಿಸಿ, ಗುಲಗಂಜಿ ಚುಚ್ಚಿ ಸಿಂಗಾರ ಮಾಡಿ, ಹುಡುಗಿಯರು ಮನೆ ಮನೆಗೆ ಹಾಡುತ್ತ ಹೋಗುತ್ತಿದ್ದೆವು. ಕಡೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಹೊಳೆ ದಂಡೆಗೆ. ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರನ್ನ. ಆಯಿ ಆ ಹಾಡುಗಳಲ್ಲಿ ಊರಿನ ಹೆಣ್ಣುಮಕ್ಕಳ ಕತೆ ಸೇರಿಸುತ್ತಿದ್ದಳು. ಯಾವ ಮನೆಯ ಸೊಸೆಗೆ ಹಬ್ಬಕ್ಕೂ ತವರಿನಿಂದ ಕರೆ ಬರಲಿಲ್ಲ, ಯಾವ ಅತ್ತೆ ಬೆಣ್ಣೆ ಬಚ್ಚಿಟ್ಟಳು, ಎಲ್ಲ ಆ ಧಾಟಿಯಲ್ಲೇ ಬರುತ್ತಿತ್ತು. ಹೆಸರು ಹೇಳುತ್ತಿರಲಿಲ್ಲ. ಕೇಳಿದವರಿಗೆ ಗೊತ್ತಾಗುತ್ತಿತ್ತು. ಬದುಕಿರುವವರ ಕತೆಯನ್ನು ಅವರ ಮುಂದೆಯೇ ಹೇಳುವುದು ಹೇಗೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನು ಅಲ್ಲಿ ಕಲಿತೆ.

ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ವಹಿ ಉಳಿಯಿತು. ಅವ್ವ ಅದನ್ನು ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ ತಂದಿದ್ದಳು. ಹಾಡು ಉಳಿಯಲಿಲ್ಲ. ನಮಗೆ ಜಾಗ ಕೊಟ್ಟದ್ದು ಮಡ್ಡಿಯ ಮೇಲೆ, ಕಲ್ಲು ನೆಲ. ಗುಳ್ಳವ್ವ ಮಾಡಲು ಎರೆಮಣ್ಣಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಮನೆಗಳ ಹಂಚಿಕೆಯಲ್ಲಿ ಬಿತ್ತು. ಚೀಟಿ ಎತ್ತಿ ನಿವೇಶನ ಕೊಟ್ಟರು. ಆಯಿಗೆ ದನಿಗೂಡಿಸುತ್ತಿದ್ದ ಹೆಂಗಸರು ಬೇರೆ ಬೇರೆ ಸಾಲಿಗೆ ಹೋದರು. ಒಬ್ಬಾಕೆ ಮಗನ ಜೊತೆ ಬೇರೆ ಊರಿಗೇ ಹೋದಳು. ಒಬ್ಬರು ಎತ್ತಿಕೊಟ್ಟು ಇನ್ನೊಬ್ಬರು ಮುಂದುವರಿಸುವ ಹಾಡು ಅದು. ಒಬ್ಬಳೇ ಹಾಡಲು ಬರುವುದಿಲ್ಲ. ಆಯಿ ಮೊದಲ ವರ್ಷ ಪ್ರಯತ್ನ ಮಾಡಿದಳು, ಆಮೇಲೆ ಬಿಟ್ಟಳು. ಯಾರೂ ಬರೆದುಕೊಂಡಿರಲಿಲ್ಲ, ಯಾರ ಹತ್ತಿರವೂ ಟೇಪ್ ರೆಕಾರ್ಡರ್ ಇರಲಿಲ್ಲ. ಆಯಿ ಹೋದಳು, ಹಾಡೂ ಹೋಯಿತು.

ನಮ್ಮ ಸೀಮೆಯಲ್ಲಿ ಈ ಕೆಲಸ ಮಾಡಿದವರು ಇಲ್ಲ ಎಂದಲ್ಲ. ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಜೊತೆಯವರು, ಯಾವ ಸರ್ಕಾರದ ಸಹಾಯವೂ ಇಲ್ಲದೆ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡರು. ಅವರು ಅಂದು ಬರೆದುಕೊಂಡದ್ದರಿಂದ ಇವತ್ತು ನಮ್ಮ ಹತ್ತಿರ ಅಷ್ಟು ಉಳಿದಿದೆ. ಈಗ ರಾಜ್ಯದಲ್ಲಿ 1991ರಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಿದೆ. ಒಬ್ಬೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ರೆಕಾರ್ಡ್ ಮಾಡುವ ಮೊಬೈಲ್ ಇದೆ. ಇಲ್ಲದಿರುವುದು ಒಂದು ಆದೇಶ ಮಾತ್ರ.

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಕೂಡಲಸಂಗಮಕ್ಕೆ ಹೋದವರೆಲ್ಲ ನೋಡಿದ್ದಾರೆ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬರುತ್ತದೆ ಎಂದು ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದರು. ಸುತ್ತ ನೀರು ನಿಂತಿದ್ದರೂ ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುತ್ತೇವೆ. ಇದೇ ಕೃಷ್ಣೆಯ ಮೇಲೆ ನಾಗಾರ್ಜುನಸಾಗರದ ನೀರು ತುಂಬುವ ಮುಂಚೆ ನಾಗಾರ್ಜುನಕೊಂಡದ ಕಣಿವೆಯನ್ನು 1954ರಿಂದ 1960ರವರೆಗೆ ಅಗೆದು, ದಾಖಲಿಸಿ, ಮುಖ್ಯವಾದದ್ದನ್ನು ಎತ್ತರದ ಜಾಗಕ್ಕೆ ಸಾಗಿಸಿದರು. ಶ್ರೀಶೈಲ ಯೋಜನೆಯಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ಆಲಂಪುರದಲ್ಲಿ ಮತ್ತೆ ನಿಲ್ಲಿಸಿದರು. ಇವೆಲ್ಲ ದೊಡ್ಡ ಕೆಲಸಗಳು, ದೊಡ್ಡ ಖರ್ಚಿನವು. ನಾನು ನಮ್ಮ ಮನೆಗಳನ್ನು ಬಿಚ್ಚಿ ಸಾಗಿಸಿ ಎಂದು ಕೇಳುತ್ತಿಲ್ಲ. ಮಣ್ಣಿನ ಗೋಡೆ ಬಿಚ್ಚಿದರೆ ಮಣ್ಣೇ. ಅದನ್ನು ಕಾಗದದ ಮೇಲೆ, ದನಿಯಲ್ಲಿ, ಫೋಟೋದಲ್ಲಿ ಉಳಿಸಿ ಎಂದು ಕೇಳುತ್ತಿದ್ದೇನೆ.

ಇನ್ನೊಂದು ಮಾತು. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿ ಓದಿದೆ. ಪುನರ್ವಸತಿ ಊರಿನಲ್ಲಿ ಏನೇನು ಇರಬೇಕು ಎಂದು ಅದರಲ್ಲಿದೆ. ರಸ್ತೆ, ಚರಂಡಿ, ಕುಡಿಯುವ ನೀರು, ಶಾಲೆ, ಅಂಗನವಾಡಿ, ಸ್ಮಶಾನ. ಅದೇ ಪಟ್ಟಿಯಲ್ಲಿ ಐವತ್ತು ಕುಟುಂಬಕ್ಕೆ ಪೂಜೆಯ ಜಾಗ ಮತ್ತು ಜನ ಸೇರಲು ಮರದ ಕಟ್ಟೆ ಇರಬೇಕು ಎಂದೂ ಇದೆ. ಇದನ್ನು ಓದಿದಾಗ ನನಗೆ ನಿಜವಾಗಿಯೂ ಸಂತೋಷ ಆಯಿತು. ಜನ ಅಂದರೆ ಬರೀ ಮನೆ, ಜಮೀನು ಅಲ್ಲ, ಕೂತು ಮಾತಾಡಲು ಒಂದು ಕಟ್ಟೆ ಬೇಕು ಎಂದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ಆ ಕಟ್ಟೆಯ ಮೇಲೆ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನ ಮಾಡಿದರೆ ಕಟ್ಟೆ ಖಾಲಿಯೇ ಇರುತ್ತದೆ. ನಮ್ಮ ಪುನರ್ವಸತಿ ಕೇಂದ್ರದಲ್ಲಿ ನಾನು ಕಣ್ಣಾರೆ ಕಂಡದ್ದು ಇದು.

ಬಾಗಲಕೋಟೆಯ ಹೋಳಿಯನ್ನೇ ನೋಡಿ. ಹಲಗೆ ಮಜಲು, ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು, ಇಡೀ ಊರು ಬೀದಿಗೆ ಬರುವುದು. ಇವೆಲ್ಲ ನೋಡಲು ಚೆಂದ. ಆದರೆ ಅದು ನಿಂತಿರುವುದು ಓಣಿಗಳ ಮೇಲೆ. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿ ಓಣಿಗೆ ತನ್ನದೇ ಬಂಡಿ, ತನ್ನದೇ ಹಲಗೆ, ತನ್ನದೇ ಜಿದ್ದು. ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಮನೆ ಕಟ್ಟಿಕೊಂಡವರು ಹಬ್ಬಕ್ಕೆ ಹಳೆ ಊರಿಗೆ ಇಳಿದು ಬರುತ್ತಾರೆ. ಅಲ್ಲಿ ಅವರ ವಿಳಾಸ ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಇಲ್ಲಿ ಇಳಿದಾಗ ಅವರು ಇಂಥ ಓಣಿಯವರು. ಉಳಿದ ಓಣಿಗಳೂ ನೀರಿಗೆ ಹೋದರೆ ಹೋಳಿ ಎಲ್ಲಿ ಆಡುವುದು ಎಂಬ ಪ್ರಶ್ನೆಗೆ ಯಾವ ಇಲಾಖೆಯಲ್ಲೂ ಉತ್ತರ ಇಲ್ಲ. ಯಾಕಂದರೆ ಯಾರೂ ಅದನ್ನು ಕೇಳಿಯೇ ಇಲ್ಲ. ನಾನು ಈಗ ಕೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ.

ಮೊದಲನೆಯದು ಮತ್ತು ತುರ್ತಾದದ್ದು ಹಳೆಯ ಪಂಚನಾಮೆಗಳು. ಆಲಮಟ್ಟಿ, ನಾರಾಯಣಪುರ ಮುಳುಗಡೆಯ ಮನೆ, ಜಮೀನು, ಗುಡಿ, ಮಸೀದಿ, ದರ್ಗಾ, ಬಾವಿ, ಗಿಡಮರಗಳ ಕಡತಗಳಲ್ಲಿ ಒಂದನ್ನೂ ನಾಶ ಮಾಡಬಾರದು ಎಂದು ಕೂಡಲೇ ಆದೇಶ ಹೊರಡಿಸಿ. ಬೇರೆ ಬೇರೆ ಕಚೇರಿಗಳಲ್ಲಿ ಚದುರಿರುವುದನ್ನು ಒಂದು ಕಡೆ ತಂದು ಊರಿನ ಪ್ರಕಾರ ಹೊಂದಿಸಿ. ರಾಜ್ಯ ಪತ್ರಾಗಾರ ಇಲಾಖೆಗೆ ಒಪ್ಪಿಸಿ, ಸ್ಕ್ಯಾನ್ ಮಾಡಿಸಿ. ಪರಿಹಾರದ ಮೊತ್ತ, ಸಾಲ, ವ್ಯಾಜ್ಯದ ವಿವರ ಮುಚ್ಚಿಡಬೇಕಾದರೆ ಮುಚ್ಚಿಡಿ, ಅದು ಆಯಾ ಮನೆಯವರ ಖಾಸಗಿ ವಿಷಯ. ಮನೆಯ ಅಳತೆ, ನಕ್ಷೆ, ಓಣಿಯ ವಿವರ ಸಾರ್ವಜನಿಕರಿಗೆ ಸಿಗಲಿ. ಆ ಮನೆಯ ಮಕ್ಕಳು, ಮೊಮ್ಮಕ್ಕಳು ಬಂದು ಕೇಳಿದರೆ ಒಂದು ಪ್ರತಿ ಕೊಡಿ. ಈಗ ಅವರಲ್ಲಿ ಎಷ್ಟೋ ಜನ ಪುಣೆಯಲ್ಲಿ, ಬೆಂಗಳೂರಿನಲ್ಲಿ, ಗೋವಾದಲ್ಲಿ ದುಡಿಯುತ್ತಿದ್ದಾರೆ. ತಮ್ಮ ಅಜ್ಜನ ಮನೆಗೆ ಎಷ್ಟು ಕಂಬ ಇದ್ದವು ಎಂದು ತಿಳಿಯುವ ಹಕ್ಕು ಅವರಿಗಿಲ್ವಾ?

ಎರಡನೆಯದು ಇನ್ನು ಮುಳುಗಲಿರುವ ಊರುಗಳದು. ಅಳತೆಗೆ ಹೋಗುವ ತಂಡದ ಜೊತೆ ಇಬ್ಬರು ಹೆಚ್ಚಿಗೆ ಹೋಗಲಿ. ಒಬ್ಬರು ಕೇಳಿ ಬರೆದುಕೊಳ್ಳಲಿ, ಒಬ್ಬರು ಫೋಟೋ ತೆಗೆದು ದನಿ ಹಿಡಿಯಲಿ. ಹೊಲಗಳಿಗೆ ಸರ್ವೆ ನಂಬರ್ ಜೊತೆ ಜನ ಕರೆಯುವ ಹೆಸರೂ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಪಕ್ಕಕ್ಕೆ ದಾಖಲಾಗಲಿ. ಯಾವ ಹಬ್ಬಕ್ಕೆ ಯಾವ ಮನೆಯಿಂದ ಏನು ಬರುತ್ತಿತ್ತು, ತೇರಿನ ಹಗ್ಗ ಯಾರದು, ಮೊಹರಮ್ಮಿಗೆ ಅಲಾಯಿ ಕುಣಿ ತೋಡುವವರು ಯಾರು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು ಎಲ್ಲಿಂದ ಶುರು, ಇದನ್ನೆಲ್ಲ ಊರಿನ ಹಿರಿಯರಿಂದ ಕೇಳಿ ಬರೆಯಲಿ. ಮುದುಕಿಯರ ಹಾಡುಗಳನ್ನು ಅವರು ಗುಂಪಾಗಿ ಇನ್ನೂ ಒಂದೇ ಓಣಿಯಲ್ಲಿ ಇರುವಾಗಲೇ ರೆಕಾರ್ಡ್ ಮಾಡಲಿ. ಎಲ್ಲವೂ ಸೇರಿ ಒಂದೊಂದು ಊರಿಗೆ ಒಂದೊಂದು ಪುಸ್ತಕ ಆಗಲಿ. ಪ್ರತಿ ಮನೆಗೂ ಒಂದು ಪ್ರತಿ ಹೋಗಲಿ. ಯೋಜನೆಯ ಒಟ್ಟು ಖರ್ಚಿನ ಮುಂದೆ ಇದಕ್ಕೆ ಬೇಕಾಗುವ ಹಣ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯದು ಹೊಸ ಊರಿನ ಹಂಚಿಕೆ. ಓಣಿಯವರನ್ನು ಓಣಿಯವರ ಜೊತೆಗೇ ಇರಿಸಿ. ಬೀದಿಗಳಿಗೆ ನಂಬರ್ ಇರಲಿ, ಬೇಡ ಅನ್ನುವುದಿಲ್ಲ, ಅಂಚೆಯವರಿಗೆ ಬೇಕು. ಅದರ ಜೊತೆ ಹಳೆಯ ಓಣಿಯ ಹೆಸರೂ ಬೋರ್ಡಿನ ಮೇಲೆ ಇರಲಿ. ಚೀಟಿ ಎತ್ತುವುದೇ ಆದರೆ ಓಣಿಗೆ ಒಂದು ಚೀಟಿ ಎತ್ತಿ, ಮನೆಗೆ ಒಂದು ಬೇಡ.

ಇದು ಒಬ್ಬ ಲೇಖಕಿಯ ಖಯಾಲಿ ಎಂದು ದಯವಿಟ್ಟು ಬದಿಗಿಡಬೇಡಿ. ನನಗೆ ಬೇಕಾದ ಒಂದು ಪಂಚನಾಮೆ ನನ್ನ ಹತ್ತಿರ ಇದೆ, ಒಂದು ವಹಿ ಇದೆ, ಅದರಿಂದ ನನ್ನ ಬರವಣಿಗೆ ನಡೆಯುತ್ತದೆ. ನಮ್ಮ ಓಣಿಯಲ್ಲಿ ವಹಿ ಇಡದ ಮನೆಗಳೇ ಜಾಸ್ತಿ ಇದ್ದವು. ಕೂಲಿ ಮಾಡುವವರ ಮನೆ, ಹಲಗೆ ಬಾರಿಸುವವರ ಮನೆ, ಮೀನು ಹಿಡಿಯುವವರ ಮನೆ. ಜಮೀನು ಇಲ್ಲದ್ದರಿಂದ ಅವರಿಗೆ ಉತಾರವೂ ಇಲ್ಲ. ಅವರ ಬದುಕಿಗೆ ಈ ನೆಲದ ಮೇಲೆ ಇದ್ದ ಒಂದೇ ಲಿಖಿತ ಸಾಕ್ಷಿ ಆ ಮನೆಯ ಪಂಚನಾಮೆ. ಅದು ತೇವಕ್ಕೆ ಅಂಟಿಕೊಂಡು ಹೋದರೆ ಅವರು ಅಲ್ಲಿ ಇದ್ದರು ಎಂದು ತೋರಿಸಲು ಬೇರೆ ಕಾಗದವೇ ಇಲ್ಲ.

ಹೊಸ ಅಳತೆ ಶುರುವಾಗುವ ಮೊದಲೇ ಆದೇಶ ಬಂದರೆ ಮಾತ್ರ ಎರಡನೇ ಬೇಡಿಕೆಗೆ ಅರ್ಥ. ಅಳತೆ ಮುಗಿದು ಹಣ ಕೈಗೆ ಬಂದ ಮೇಲೆ ಜನ ಒಂದೇ ಕಡೆ ಇರುವುದಿಲ್ಲ. ತಾವು ಮೂವರೂ ಒಮ್ಮೆ ಕೂತು ಮಾತಾಡಬೇಕು, ಬಾಗಲಕೋಟೆಯಲ್ಲೇ ಸಭೆ ಕರೆಯಬೇಕು ಎಂದು ಕೇಳಿಕೊಳ್ಳುತ್ತೇನೆ. ಆ ಸಭೆಗೆ ಇಂಜಿನಿಯರ್‌ಗಳ ಜೊತೆ ಮುಳುಗಡೆ ಊರಿನ ನಾಲ್ಕು ಜನ ಮುದುಕಿಯರನ್ನೂ ಕರೆಯಿರಿ. ನಮ್ಮ ಮನೆಯ ಪಂಚನಾಮೆ ಮತ್ತು ಅಜ್ಜನ ವಹಿಯನ್ನು ಸ್ಕ್ಯಾನ್ ಮಾಡಿಕೊಳ್ಳಲು ಕೊಡುತ್ತೇನೆ. ಕೆಲಸ ಮುಗಿದ ಮೇಲೆ ವಾಪಸ್ ಕೊಟ್ಟರೆ ಸಾಕು.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಮುಳುಗಡೆ ಊರಿನ ಒಬ್ಬ ಕಾದಂಬರಿಕಾರ್ತಿ
ನವನಗರ, ಬಾಗಲಕೋಟೆ